ಲಿನಕ್ಸನ್ನು ಪೂರ್ತಿ ರಸ್ಟ್‌ನಲ್ಲಿ ಬರೆದುಬಿಟ್ಟರೆ ಆಗಲ್ವಾ?

ಹಳದಿ ಮೆಟ್ರೋ ಜಯದೇವ ಸ್ಟೇಷನ್ ಬಿಟ್ಟಿತ್ತು. ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಎಂಜಿನಿಯರಿಂಗ್ ಕೊನೆಯ ವರ್ಷ, ಆರು ತಿಂಗಳಿಂದ ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುತ್ತಿದ್ದಾನೆ. ಇದ್ದಕ್ಕಿದ್ದಂತೆ ಕೇಳಿದ: "ಮಾಮ, ಲಿನಕ್ಸ್‌ನ ಪೂರ್ತಿ ರಸ್ಟ್‌ನಲ್ಲಿ ಬರೆದುಬಿಟ್ರೆ ಆಗಲ್ವಾ? ಅರ್ಧಕ್ಕರ್ಧ ಸೆಕ್ಯುರಿಟಿ ತೊಂದರೆ ಮುಗಿದೇ ಹೋಗತ್ತೆ. ಈಗ ಎಐ ಬೇರೆ ಇದೆ, ಎಷ್ಟು ಹೊತ್ತಿನ ಕೆಲಸ?"

ನಾನು ಹದಿನೈದು ವರ್ಷದಿಂದ ಸಿ ಭಾಷೆಯಲ್ಲಿ ಡ್ರೈವರ್ ಬರೆಯುತ್ತಿದ್ದೇನೆ. ಅಂದರೆ ಆಪರೇಟಿಂಗ್ ಸಿಸ್ಟಂಗೂ ಒಂದು ಯಂತ್ರಕ್ಕೂ ನಡುವೆ ಮಾತುಕತೆ ನಡೆಸುವ ಕೋಡ್. ಅವನ ಪ್ರಶ್ನೆ ನನ್ನ ಹೊಟ್ಟೆಪಾಡಿಗೇ ಸೇರಿದ್ದು. ಎಲೆಕ್ಟ್ರಾನಿಕ್ ಸಿಟಿ ಬರುವುದರೊಳಗೆ ಅರ್ಧ ಉತ್ತರ ಕೊಟ್ಟೆ. ಪೂರ್ತಿ ಉತ್ತರ ಇಲ್ಲಿದೆ.

ಮೊದಲು ಕರ್ನಲ್ ಅಂದರೇನು ಅಂತ ಎರಡು ಮಾತು. ನಿಮ್ಮ ಫೋನಿನಲ್ಲಿ ವಾಟ್ಸಾಪ್, ಕ್ಯಾಮೆರಾ, ದುಡ್ಡು ಕಳಿಸುವ ಆ್ಯಪ್ ಎಲ್ಲ ಒಟ್ಟಿಗೆ ಓಡುತ್ತವೆ. ಯಾರಿಗೆ ಎಷ್ಟು ಮೆಮೊರಿ, ಯಾರ ಸರದಿ ಯಾವಾಗ, ಯಾರು ಯಾರ ಜಾಗಕ್ಕೆ ಕೈ ಹಾಕಬಾರದು ಅನ್ನುವುದನ್ನು ನೋಡಿಕೊಳ್ಳುವ ಕೋಡ್ ಕರ್ನಲ್. ಆಪರೇಟಿಂಗ್ ಸಿಸ್ಟಂನ ಹೃದಯ ಅದು. ಆಂಡ್ರಾಯ್ಡ್ ಫೋನಿನ ಒಳಗಿರುವುದು ಲಿನಕ್ಸ್ ಕರ್ನಲ್. ಆ್ಯಪ್ ತಪ್ಪು ಮಾಡಿದರೆ ಆ ಆ್ಯಪ್ ಒಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್ ತಪ್ಪು ಮಾಡಿದರೆ ಅದನ್ನು ತಡೆಯಲು ಮೇಲೆ ಯಾರೂ ಇಲ್ಲ. ಫೋನೇ ನಿಂತುಹೋಗುತ್ತದೆ. ಇಲ್ಲಾ, ಕಳ್ಳನ ಕೈಗೆ ಇಡೀ ಫೋನ್ ಸಿಗುತ್ತದೆ.

ಲಿನಕ್ಸ್ ಕರ್ನಲ್ ಬಹುಪಾಲು ಸಿ ಭಾಷೆಯಲ್ಲಿದೆ. ಸಿ ಬಹಳ ಚುರುಕು, ಬಹಳ ಚಿಕ್ಕ ಭಾಷೆ. ಮೆಮೊರಿಯ ಯಾವ ಜಾಗಕ್ಕೆ ಬೇಕಾದರೂ ನೇರ ಹೋಗಿ ಬರೆಯಬಹುದು. ಕರ್ನಲ್ ಬರೆಯುವವರಿಗೆ ಅದು ಬೇಕೇ ಬೇಕು. ಆದರೆ ಆ ಜಾಗ ನಿಮ್ಮದಾ, ಇನ್ನೊಬ್ಬರದಾ ಅಂತ ಸಿ ಕೇಳುವುದಿಲ್ಲ. ನಿಮ್ಮನ್ನು ನಂಬಿಬಿಡುತ್ತದೆ.

ಆ ನಂಬಿಕೆಯಿಂದ ಏನಾಗುತ್ತದೆ ಅಂತ ಹತ್ತಿರದಿಂದ ತೋರಿಸುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಯುಎಸ್‌ಬಿ ಯಂತ್ರಕ್ಕೆ ಡ್ರೈವರ್ ಬರೆದಿದ್ದೆ. ಲ್ಯಾಬ್‌ನಲ್ಲಿ ಎಲ್ಲ ಸರಿಯಿತ್ತು. ಗ್ರಾಹಕರ ಹತ್ತಿರ ಹೋದಮೇಲೆ ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ ಬೋರ್ಡ್ ಸುಮ್ನೆ ಸತ್ತುಹೋಗುತ್ತಿತ್ತು. ಸಾಯುವ ಮುಂಚೆ ಕನ್ಸೋಲ್‌ನಲ್ಲಿ, ಅಂದರೆ ಕರ್ನಲ್ ತನ್ನ ಸಂದೇಶ ಬರೆಯುವ ಪರದೆಯಲ್ಲಿ, ಬರುತ್ತಿದ್ದ ಸಾಲುಗಳಲ್ಲಿ ನನ್ನ ಡ್ರೈವರ್ ಹೆಸರೇ ಇಲ್ಲ. ನೆಟ್‌ವರ್ಕ್ ಭಾಗದ ಹೆಸರಿತ್ತು. ಆ ಟೀಮಿನ ಇಬ್ಬರು ನಾಲ್ಕು ದಿನ ತಮ್ಮ ಕೋಡನ್ನೇ ತಡಕಾಡಿದರು. ಐದನೇ ದಿನ ಎಲ್ಲರೂ ಒಟ್ಟಿಗೆ ಕೂತೆವು. ಸಿಕ್ಕಿದ್ದು ಒಂಬತ್ತನೇ ದಿನ.

ಆಗಿದ್ದು ಇಷ್ಟು. ನನ್ನ ಡ್ರೈವರ್ "ಇನ್ನು ಸ್ವಲ್ಪ ಹೊತ್ತಿಗೆ ಈ ಕೆಲಸ ಮಾಡು" ಅಂತ ಕರ್ನಲ್ ಹತ್ತಿರ ಒಂದು ಚೀಟಿ ಬರೆದಿಡುತ್ತಿತ್ತು. ಚೀಟಿಯಲ್ಲಿ ಒಂದು ಮೆಮೊರಿ ಜಾಗದ ವಿಳಾಸ. ಸರಿಯಾಗಿ ಅದೇ ಹೊತ್ತಿಗೆ ಯಾರಾದರೂ ಕೇಬಲ್ ಕಿತ್ತರೆ, "ಯಂತ್ರ ಹೋಯಿತು" ಅಂತ ಡ್ರೈವರ್ ಆ ಜಾಗ ಖಾಲಿ ಮಾಡಿ ಕರ್ನಲ್‌ಗೆ ವಾಪಸ್ ಕೊಡುತ್ತಿತ್ತು. ಚೀಟಿ ಮಾತ್ರ ಹಾಗೇ ಉಳಿಯುತ್ತಿತ್ತು. ಕರ್ನಲ್ ಆ ಖಾಲಿ ಜಾಗವನ್ನು ನೆಟ್‌ವರ್ಕ್ ಭಾಗಕ್ಕೆ ಕೊಟ್ಟಿತು. ಆಮೇಲೆ ಚೀಟಿಯ ಸರದಿ ಬಂತು. ನನ್ನ ಕೋಡ್ ಹಳೆಯ ವಿಳಾಸಕ್ಕೆ ಹೋಗಿ ನೆಟ್‌ವರ್ಕ್‌ನವರ ಜಾಗದಲ್ಲಿ ಬರೆದುಬಿಟ್ಟಿತು.

ಬೆಂಗಳೂರಿನ ಪಿಜಿಯಲ್ಲಿ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ರೂಮ್ ಖಾಲಿ ಮಾಡಿದ. ಡೂಪ್ಲಿಕೇಟ್ ಕೀ ಅವನ ಜೇಬಿನಲ್ಲೇ ಉಳಿಯಿತು. ಓನರ್ ಅದೇ ರೂಮನ್ನು ಇನ್ನೊಬ್ಬರಿಗೆ ಕೊಟ್ಟರು. ಒಂದು ರಾತ್ರಿ ಹಳಬ ಮರೆತು ಬಂದು, ಬಾಗಿಲು ತೆಗೆದು, ತನ್ನದೇ ರೂಮ್ ಅಂದುಕೊಂಡು ಸಾಮಾನೆಲ್ಲ ಜರುಗಿಸಿದ. ಬೆಳಿಗ್ಗೆ ಗಲಾಟೆ ಮಾಡುವವನು ಹೊಸ ಬಾಡಿಗೆದಾರ. ಹಳಬನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ಅದಕ್ಕೇ ಒಂಬತ್ತು ದಿನ ಹಿಡಿಯಿತು.

ಸರಿಪಡಿಸಲು ಬೇಕಾಗಿದ್ದು ಒಂದೇ ಸಾಲು: ಬಾಕಿ ಇರುವ ಚೀಟಿ ರದ್ದು ಮಾಡು, ಕೆಲಸ ಶುರುವಾಗಿದ್ದರೆ ಮುಗಿಯುವವರೆಗೆ ಕಾಯಿ. ಆ ಸಾಲು ಇಲ್ಲದ ಕೋಡನ್ನು ಮೂವರು ಓದಿ ಒಪ್ಪಿದ್ದರು. ಅವರಲ್ಲಿ ಒಬ್ಬರು ನನಗಿಂತ ಹತ್ತು ವರ್ಷ ಹಿರಿಯರು. ಬರೆದ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಕೂಡ ಚಕಾರ ಎತ್ತಲಿಲ್ಲ. ಹುಷಾರಾಗಿ ಬರೆದರೆ ಸಿ ಸಾಕು ಅನ್ನುವವರಿಗೆ ನಾನು ಈ ಕತೆ ಹೇಳುತ್ತೇನೆ. ಹುಷಾರಾಗಿಯೇ ಇದ್ದೆವು.

ಇನ್ನೊಂದು ಜಾತಿಯ ತಪ್ಪನ್ನು ಇಡೀ ಜಗತ್ತೇ ನೋಡಿದೆ. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಸೆಕ್ಯುರಿಟಿ ಕಂಪನಿಯ ಒಂದು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ಕೆಂಪೇಗೌಡ ಏರ್‌ಪೋರ್ಟ್‌ನಲ್ಲೂ ಚೆಕ್-ಇನ್ ಕೆಟ್ಟು ಉದ್ದುದ್ದ ಕ್ಯೂ. ದೇಶದ ಕೆಲವು ಕಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಕಾರಣ ಆಮೇಲೆ ಹೊರಬಂತು. ಕರ್ನಲ್ ಒಳಗೆ ಓಡುತ್ತಿದ್ದ ಅವರ ಕೋಡ್ ಹತ್ತಿರ ಇದ್ದದ್ದು 20 ಮಾಹಿತಿಗಳ ಪಟ್ಟಿ. ಹೊಸ ಫೈಲ್ 21ನೆಯದನ್ನು ಕೇಳಿತು. ಇಪ್ಪತ್ತೇ ಮನೆ ಇರುವ ಕ್ರಾಸ್‌ನಲ್ಲಿ 21ನೇ ಮನೆ ಹುಡುಕಿಕೊಂಡು ಹೋದಂತೆ. ಅಂಥ ಮನೆ ಇಲ್ಲ ಅಂತ ಸಿ ಮತ್ತು ಅದರ ತಂಗಿ ಸಿ++ ಹೇಳುವುದಿಲ್ಲ. ಇಪ್ಪತ್ತನೇ ಮನೆ ಆದಮೇಲೆ ಏನಿದೆಯೋ ಅದಕ್ಕೆ ನುಗ್ಗುತ್ತವೆ.

ಇವೆರಡೂ ಮೆಮೊರಿ ತಪ್ಪುಗಳು. ಇವು ಎಷ್ಟು ಜಾಸ್ತಿ ಅಂದರೆ, ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಲೆಕ್ಕ ಬಿಚ್ಚಿಟ್ಟಾಗ, ಪ್ರತಿ ವರ್ಷ ಮುಚ್ಚುವ ಸೆಕ್ಯುರಿಟಿ ತೂತುಗಳಲ್ಲಿ ಸುಮಾರು 70% ಈ ಜಾತಿಯವೇ ಆಗಿದ್ದವು. 2020ರಲ್ಲಿ ಗೂಗಲ್‌ನ ಕ್ರೋಮ್ ತಂಡ ತನ್ನ ಗಂಭೀರ ತೂತುಗಳನ್ನು ಎಣಿಸಿದಾಗ ಅಲ್ಲೂ ಹತ್ತಿರ ಹತ್ತಿರ 70%. ಬೇರೆ ಬೇರೆ ಕಂಪನಿ, ಬೇರೆ ಬೇರೆ ಕೋಡ್, ಜಗತ್ತಿನ ಅತ್ಯಂತ ಜಾಣ ಪ್ರೋಗ್ರಾಮರ್‌ಗಳು. ಆದರೂ ಅದೇ ಅಂಕಿ.

ಇಲ್ಲಿ ರಸ್ಟ್ ಬರುತ್ತದೆ. 2006ರಲ್ಲಿ ಗ್ರೇಡನ್ ಹೋರ್ ಎಂಬ ಪ್ರೋಗ್ರಾಮರ್ ತಮ್ಮ ಬಿಡುವಿನಲ್ಲಿ ಶುರು ಮಾಡಿದ ಭಾಷೆ. ಆಮೇಲೆ ಅವರು ಕೆಲಸಕ್ಕಿದ್ದ ಮೊಜಿಲ್ಲಾ ಅದನ್ನು ಸಾಕಿತು. 2015ರ ಮೇ ತಿಂಗಳಲ್ಲಿ 1.0 ಆವೃತ್ತಿ ಬಂತು. ಮೆಮೊರಿ ತಪ್ಪು ಆಗದಂತೆ ನೋಡಿಕೊಳ್ಳುವ ಭಾಷೆಗಳು ಅದಕ್ಕೂ ಮುಂಚೆ ಬೇಕಾದಷ್ಟಿದ್ದವು. ಜಾವಾ ಇದೆ, ಪೈಥಾನ್ ಇದೆ. ಆದರೆ ಅವುಗಳ ಜೊತೆ ಕಸ ಗುಡಿಸುವವನೊಬ್ಬ ಸದಾ ಓಡುತ್ತಿರಬೇಕು. ಯಾವ ಜಾಗ ಯಾರಿಗೂ ಬೇಡವಾಯಿತು ಅಂತ ನೋಡಿ ಅವನೇ ಖಾಲಿ ಮಾಡುತ್ತಾನೆ. ಆ್ಯಪ್‌ಗೆ ಅದು ನಡೆಯುತ್ತದೆ. ಕರ್ನಲ್ ಹಾಗೆ ನಡುವೆ ನಿಂತು ಕಾಯುವುದು ಕಷ್ಟ. ಮೈಕ್ರೋಸಾಫ್ಟ್‌ನ ಸಂಶೋಧಕರು ಸಿ# ಭಾಷೆಯನ್ನು ಬೆಳೆಸಿ ಸಿಂಗ್ಯುಲಾರಿಟಿ ಅಂತ ಒಂದು ಆಪರೇಟಿಂಗ್ ಸಿಸ್ಟಂ ಕಟ್ಟಿ ನೋಡಿದರು. ಒಳ್ಳೆಯ ಸಂಶೋಧನೆ, ಆದರೆ ಜನರ ಕಂಪ್ಯೂಟರ್‌ಗೆ ಬರಲಿಲ್ಲ.

ರಸ್ಟ್ ಬೇರೆ ದಾರಿ ಹಿಡಿಯಿತು. ಯಾವ ಜಾಗ ಯಾರದು ಅನ್ನುವ ಲೆಕ್ಕಾಚಾರದ ಬಹುಪಾಲನ್ನು ಕೋಡ್ ಓಡುವುದಕ್ಕೆ ಮುಂಚೆ, ಕಂಪೈಲ್ ಮಾಡುವಾಗಲೇ ಮುಗಿಸುತ್ತದೆ. ಅದರ ನಿಯಮ ಕೇಳಿದರೆ ನಮ್ಮ ಬಾಡಿಗೆ ಮನೆ ಕರಾರು ನೆನಪಾಗುತ್ತದೆ. ಪ್ರತಿ ಮೆಮೊರಿ ಜಾಗಕ್ಕೂ ಒಬ್ಬನೇ ಓನರ್. ಓನರ್ ಹೋದರೆ ಜಾಗವೂ ಖಾಲಿ. ಬೇರೆಯವರು ಆ ಜಾಗವನ್ನು ಎರವಲು ಪಡೆಯಬಹುದು, ಆದರೆ ಓನರ್ ಇರುವಷ್ಟು ದಿನ ಮಾತ್ರ. ಅದಕ್ಕಿಂತ ಹೆಚ್ಚು ದಿನ ಕೀ ಇಟ್ಟುಕೊಳ್ಳುವ ಕೋಡ್ ಬರೆದರೆ ಕಂಪೈಲರ್ ಒಪ್ಪುವುದೇ ಇಲ್ಲ.

ಇನ್ನೊಂದು ನಿಯಮ ನನಗೆ ಬಹಳ ಇಷ್ಟ. ಕಿರಾಣಿ ಅಂಗಡಿಯ ಸಾಲದ ಪುಸ್ತಕ ಗೊತ್ತಲ್ಲ. ಹತ್ತು ಜನ ಒಟ್ಟಿಗೆ ಬಗ್ಗಿ ನೋಡಬಹುದು, ತೊಂದರೆ ಇಲ್ಲ. ಆದರೆ ಅಂಗಡಿಯವರು ಬರೆಯುವಾಗ ಅದು ಅವರೊಬ್ಬರ ಕೈಯಲ್ಲೇ ಇರಬೇಕು. ಅರ್ಧ ಬರೆದ ಅಂಕಿಯನ್ನು ಇನ್ನೊಬ್ಬ ಓದಿದರೆ ಲೆಕ್ಕ ಕೆಟ್ಟಿತು. ರಸ್ಟ್‌ನಲ್ಲೂ ಅಷ್ಟೇ. ಓದುವವರು ಎಷ್ಟು ಜನ ಬೇಕಾದರೂ ಇರಲಿ, ಇಲ್ಲವೇ ಬರೆಯುವವನು ಒಬ್ಬನೇ ಇರಲಿ. ಎರಡೂ ಒಟ್ಟಿಗೆ ಇಲ್ಲ. ಎಂಟು ಕೋರ್ ಇರುವ ಪ್ರೊಸೆಸರ್‌ನಲ್ಲಿ ಎಂಟು ಕೆಲಸ ಒಟ್ಟಿಗೆ ನಡೆಯುವಾಗ ಈ ನಿಯಮದ ಬೆಲೆ ತಿಳಿಯುತ್ತದೆ.

ಹಾಗಾದರೆ ಹುಡುಗ ಹೇಳಿದ್ದು ಸರಿ ಅಲ್ವಾ? ಎಲ್ಲ ಬರೆದುಬಿಡೋಣ?

ಅಷ್ಟರಲ್ಲಿ ನಮ್ಮ ರೈಲು ಸಿಲ್ಕ್ ಬೋರ್ಡ್ ಹತ್ತಿರ ಬಂದಿತ್ತು. ರಾಗಿಗುಡ್ಡದಿಂದ ಅಲ್ಲಿವರೆಗೆ ಮೆಟ್ರೋ ಕೆಳಗೆ ಫ್ಲೈಓವರ್, ಅದರ ಕೆಳಗೆ ಹಳೆಯ ರಸ್ತೆ. ಕಟ್ಟುವಾಗ ವರ್ಷಗಟ್ಟಲೆ ಜನ ಒದ್ದಾಡಿದರು. ಆದರೆ ಕೆಳಗಿನ ಗಾಡಿಗಳು ಓಡುತ್ತಲೇ ಇದ್ದವು. ನಾನು ಅವನಿಗೆ ಕೇಳಿದೆ: "ಸಿಲ್ಕ್ ಬೋರ್ಡ್ ಐದು ವರ್ಷ ಮುಚ್ತೀವಿ, ಆಮೇಲೆ ಚೆನ್ನಾಗಿ ಕಟ್ಟಿಕೊಡ್ತೀವಿ ಅಂದಿದ್ರೆ ನೀನು ಒಪ್ತಿದ್ದೆಯಾ?" ಕರ್ನಲ್ ಕತೆಯೂ ಅದೇ. ಫೋನ್, ಬ್ಯಾಂಕ್, ಆಸ್ಪತ್ರೆ ಎಲ್ಲ ಅದರ ಮೇಲೆ ಓಡುತ್ತಿವೆ. ಹೊಸದಾಗಿ ಬರೆಯುವವರೆಗೆ ಜಗತ್ತು ಕಾಯುವುದಿಲ್ಲ. ನೀವು ಬರೆಯುತ್ತಿರುವಾಗಲೇ ಹಳೆಯದು ಬದಲಾಗುತ್ತಲೂ ಇರುತ್ತದೆ. ಲಿನಕ್ಸ್‌ಗೆ ಒಂಬತ್ತು ಹತ್ತು ವಾರಕ್ಕೊಂದು ಹೊಸ ಆವೃತ್ತಿ ಬರುತ್ತದೆ.

ಗಾತ್ರವನ್ನೂ ನೋಡಿ. 2025ರ ಶುರುವಿನಲ್ಲಿ ಲಿನಕ್ಸ್ ಕರ್ನಲ್ 4 ಕೋಟಿ ಸಾಲು ದಾಟಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡ್ರೈವರ್‌ಗಳೇ. ಎಷ್ಟೋ ಯಂತ್ರಗಳನ್ನು ಮಾಡಿದ ಕಂಪನಿ ಇವತ್ತು ಇಲ್ಲ, ಅದರ ಕೈಪಿಡಿಯೂ ಇಲ್ಲ. ಆ ಯಂತ್ರ ಹೇಗೆ ಆಡುತ್ತದೆ ಅಂತ ಹೇಳುವ ಒಂದೇ ದಾಖಲೆ ಅದರ ಡ್ರೈವರ್ ಕೋಡ್. "ಇಲ್ಲಿ 10 ಮಿಲಿಸೆಕೆಂಡ್ ಕಾಯಿ" ಅಂತ ಒಂದು ಸಾಲು ಇರುತ್ತದೆ. ಯಾಕೆ ಅಂತ ಬರೆದಿರುವುದಿಲ್ಲ. ತೆಗೆದುನೋಡಿ, ನೂರು ಬೋರ್ಡ್‌ಗಳಲ್ಲಿ ಮೂರು ಬೆಳಿಗ್ಗೆ ಏಳುವುದಿಲ್ಲ. ಅಂಥ ಸಾಲುಗಳನ್ನು ನಾನೂ ಬರೆದಿದ್ದೇನೆ. ಹಳೆಯ ಕೋಡ್ ಕೊಳಕಾಗಿ ಕಾಣಲು ಅರ್ಧ ಕಾರಣ ಇದೇ. ಪ್ರತಿ ತೇಪೆಯ ಹಿಂದೆ ಯಾರದ್ದೋ ರಾತ್ರಿಯ ನಿದ್ದೆ ಹೋಗಿದೆ.

ರಸ್ಟ್‌ನಲ್ಲೇ ಬುಡದಿಂದ ಶುರುವಾದ ಆಪರೇಟಿಂಗ್ ಸಿಸ್ಟಂ ಕೂಡ ಇದೆ. ಹೆಸರು ರೆಡಾಕ್ಸ್, ಹುಟ್ಟಿದ್ದು 2015ರಲ್ಲಿ. ವಿನ್ಯಾಸ ಚಂದ, ಮಾಡುವವರ ಶ್ರಮ ದೊಡ್ಡದು. ಹತ್ತು ವರ್ಷವಾದರೂ ಲಿನಕ್ಸ್ ಜಾಗಕ್ಕೆ ಬಂದಿಲ್ಲ. ಕರ್ನಲ್ ಬರೆಯಬಹುದು, ಸಾವಿರಾರು ಯಂತ್ರಗಳ ಡ್ರೈವರ್ ಎಲ್ಲಿಂದ ತರುವುದು?

ಹೊಸದಾಗಿ ಬರೆಯುವಾಗ ಏನು ಕಳೆದುಹೋಗುತ್ತದೆ ಅನ್ನುವುದಕ್ಕೆ 2025ರ ಅಕ್ಟೋಬರ್‌ನಲ್ಲಿ ಒಂದು ಸಣ್ಣ, ಸ್ಪಷ್ಟ ಉದಾಹರಣೆ ಸಿಕ್ಕಿತು. ಲಿನಕ್ಸ್ ಮೇಲೆ ಕಟ್ಟಿದ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂನ 25.10 ಆವೃತ್ತಿಯಲ್ಲಿ ಫೈಲ್ ಪಟ್ಟಿ ಮಾಡುವುದು, ನಕಲು ಮಾಡುವುದು, ದಿನಾಂಕ ತೋರಿಸುವುದು ಮುಂತಾದ ಮೂಲ ಕಮಾಂಡ್‌ಗಳನ್ನು ಸಿ ಭಾಷೆಯ ಹಳೆಯದರ ಬದಲು ರಸ್ಟ್‌ನಲ್ಲಿ ಬರೆದ ಹೊಸದಕ್ಕೆ ಬದಲಾಯಿಸಿದರು. ದಿನಾಂಕದ ಕಮಾಂಡ್‌ಗೆ ಒಂದು ಹಳೆಯ ಆಯ್ಕೆ ಇದೆ. ಒಂದು ಫೈಲ್ ತೋರಿಸಿ "ಇದು ಕೊನೆಗೆ ಯಾವಾಗ ಬದಲಾಯಿತು?" ಅಂತ ಕೇಳಬಹುದು. ಹೊಸ ಕಮಾಂಡ್ ಆ ಆಯ್ಕೆಯನ್ನು ಒಪ್ಪಿಕೊಂಡಿತು, ಆದರೆ ಫೈಲಿನ ಸಮಯದ ಬದಲು ಈಗಿನ ಸಮಯ ಹೇಳಿತು. ತಾನಾಗಿ ಅಪ್‌ಡೇಟ್ ಹುಡುಕುವ ವ್ಯವಸ್ಥೆ ಈ ಉತ್ತರವನ್ನು ನಂಬಿಕೊಂಡಿತ್ತು. ಹಾಗಾಗಿ ಕೆಲವು ಕಂಪ್ಯೂಟರ್‌ಗಳು ಅಪ್‌ಡೇಟ್ ಹುಡುಕುವುದನ್ನೇ ಬಿಟ್ಟವು.

ಇಲ್ಲಿ ಮೆಮೊರಿ ತಪ್ಪು ಒಂದೂ ಇಲ್ಲ. ಯಾರೂ ಬೇರೆಯವರ ಜಾಗಕ್ಕೆ ನುಗ್ಗಿಲ್ಲ. ರಸ್ಟ್ ಕಂಪೈಲರ್ ದೃಷ್ಟಿಯಲ್ಲಿ ಕೋಡ್ ಸರಿಯಾಗೇ ಇತ್ತು. ಉತ್ತರ ಮಾತ್ರ ತಪ್ಪು. ಸುರಕ್ಷಿತ ಇರಲಿ ಅಂತ ತಂದ ಕಮಾಂಡ್‌ನಿಂದ ಸುರಕ್ಷತೆಯ ಅಪ್‌ಡೇಟ್‌ಗಳೇ ಸಿಗದಂತಾಯಿತು. ಬೇಗ ಸರಿಪಡಿಸಿದರು, ಅದು ಬೇರೆ ಮಾತು.

ಇಷ್ಟು ಕೇಳಿದವರು "ಹಾಗಾದರೆ ಹಳೆಯದನ್ನು ಮುಟ್ಟಲೇಬಾರದು" ಅನ್ನುತ್ತಾರೆ. ಅದನ್ನೂ ನಾನು ಒಪ್ಪುವುದಿಲ್ಲ. ಸಿ ಭಾಷೆಗೆ ಈ ಗೌರವ ಬಂದಿದ್ದೇ ಒಂದು ಆಪರೇಟಿಂಗ್ ಸಿಸ್ಟಂ ಅನ್ನು ಹೊಸ ಭಾಷೆಯಲ್ಲಿ ಬರೆದದ್ದರಿಂದ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1969ರಲ್ಲಿ ಯುನಿಕ್ಸ್ ಹುಟ್ಟಿದಾಗ ಅದು ಅಸೆಂಬ್ಲಿಯಲ್ಲಿತ್ತು. ಅಂದರೆ ಒಂದೊಂದು ಪ್ರೊಸೆಸರ್‌ಗೂ ಬೇರೆಯದಾದ, ಯಂತ್ರದ್ದೇ ಭಾಷೆ. 1972ರಲ್ಲಿ ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅದನ್ನು ಹೊಸ ಸಿ ಭಾಷೆಗೆ ತರಲು ನೋಡಿ ಕೈಬಿಟ್ಟರು. ಆಗಿನ ಸಿ ಭಾಷೆಯಲ್ಲಿ ಬೇರೆ ಬೇರೆ ಮಾಹಿತಿಯನ್ನು ಒಂದೇ ಗಂಟಾಗಿ ಕಟ್ಟುವ ಅನುಕೂಲ ಇರಲಿಲ್ಲ. ಸಿ ಭಾಷೆ ಮಾಡಿದ ಡೆನಿಸ್ ರಿಚಿ ಅದನ್ನು ಭಾಷೆಗೆ ಸೇರಿಸಿದರು. 1973ರಲ್ಲಿ ಕರ್ನಲ್ ಸಿ ಭಾಷೆಗೆ ಬಂತು. ಅದಕ್ಕೇ ಮುಂದೆ ಯುನಿಕ್ಸ್ ಬೇರೆ ಬೇರೆ ಯಂತ್ರಗಳಿಗೆ ಹೋಗಲು ಸಾಧ್ಯವಾಯಿತು.

ಅವತ್ತಿಗೂ ಇವತ್ತಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಬರೆದ ಇಬ್ಬರೂ ಒಂದೇ ಕಡೆ ಕೂತಿದ್ದರು. 1975ರ ಯುನಿಕ್ಸ್ ಕರ್ನಲ್ ಕೂಡ ಹತ್ತು ಸಾವಿರ ಸಾಲಿನ ಆಸುಪಾಸು. ಒಬ್ಬರ ತಲೆಯಲ್ಲಿ ಪೂರ್ತಿ ಹಿಡಿಯುತ್ತದೆ. 4 ಕೋಟಿ ಸಾಲು ಯಾರ ತಲೆಯಲ್ಲೂ ಹಿಡಿಯುವುದಿಲ್ಲ.

ಹಾಗಾದರೆ ದಾರಿ ಯಾವುದು? ನನ್ನ ಯೋಚನೆ ಬದಲಾಯಿಸಿದ್ದು ಆಂಡ್ರಾಯ್ಡ್ ತಂಡದ ಅಂಕಿಗಳು. 2019ರಲ್ಲಿ ಆಂಡ್ರಾಯ್ಡ್‌ನಲ್ಲಿ ಸಿಕ್ಕ ಸೆಕ್ಯುರಿಟಿ ತೂತುಗಳಲ್ಲಿ 76% ಮೆಮೊರಿ ತಪ್ಪುಗಳು. 2024ಕ್ಕೆ ಅದು 24%ಕ್ಕೆ ಇಳಿಯಿತು. 2025ರಲ್ಲಿ 20%ಕ್ಕಿಂತ ಕೆಳಗೆ ಬಂತು. ಇದನ್ನು ಕೇಳಿದ ಕೂಡಲೇ ಅವರು ಹಳೆಯ ಕೋಡೆಲ್ಲ ರಸ್ಟ್‌ಗೆ ತಂದಿರಬೇಕು ಅನಿಸುತ್ತದೆ. ಇಲ್ಲ. ಹಳೆಯದರಲ್ಲಿ ಬಹುಪಾಲು ಹಾಗೇ ಇದೆ. ಅವರು ಮಾಡಿದ್ದು, ಹೊಸ ಕೋಡನ್ನು ಆದಷ್ಟು ಸುರಕ್ಷಿತ ಭಾಷೆಯಲ್ಲೇ ಬರೆಯುತ್ತಾ ಹೋದದ್ದು.

ಇದು ಹೇಗೆ ಸಾಧ್ಯ? ಹಳೆಯ ಕೋಡಿನಲ್ಲಿರುವ ತಪ್ಪುಗಳು ಎಲ್ಲಿಗೆ ಹೋದವು? ನಾನು ಎರಡು ಸಲ ಓದಿ ಅರ್ಥಮಾಡಿಕೊಂಡ ವಿಷಯ ಇದು. ತಪ್ಪುಗಳಿಗೆ ಆಯಸ್ಸಿದೆ. ಹೊಸದಾಗಿ ಬರೆದ ಕೋಡಿನಲ್ಲಿ ತಪ್ಪು ಜಾಸ್ತಿ. ಜನ ಬಳಸುತ್ತಾರೆ, ಸಿಕ್ಕಿಬೀಳುತ್ತವೆ, ಸರಿಹೋಗುತ್ತವೆ. ವರ್ಷ ಕಳೆದಂತೆ ಉಳಿದ ತಪ್ಪುಗಳು ಕಡಿಮೆಯಾಗುತ್ತವೆ. ಐದು ವರ್ಷ ಹಳೆಯ ಕೋಡಿನಲ್ಲಿ ತೂತುಗಳ ಸಾಂದ್ರತೆ ಹೊಸ ಕೋಡಿಗಿಂತ 3.4ರಿಂದ 7.4 ಪಟ್ಟು ಕಡಿಮೆ ಇರಬಹುದು ಅಂತ ಅವರ ಲೆಕ್ಕ ಹೇಳುತ್ತದೆ. ಸೋರುವ ಟ್ಯಾಂಕ್ ನೆನಪಿಸಿಕೊಳ್ಳಿ. ಮೇಲಿಂದ ಹೊಸ ನೀರು ಬಿಡುವುದು ನಿಲ್ಲಿಸಿದರೆ, ಇರುವ ನೀರು ತಾನೇ ಖಾಲಿಯಾಗುತ್ತದೆ.

ಈ ಮಾತನ್ನು ಹಿಡಿದುಕೊಂಡರೆ ಹುಡುಗನ ಪ್ರಶ್ನೆಯೇ ತಿರುಗಿಬಿಡುತ್ತದೆ. ಹತ್ತು ವರ್ಷ ಬಳಸಿ ಪಳಗಿದ ಸಿ ಕೋಡನ್ನು ಕಿತ್ತು, ಆ ಜಾಗಕ್ಕೆ ನಿನ್ನೆ ಬರೆದ ರಸ್ಟ್ ಕೋಡ್ ಹಾಕಿದರೆ, ಮೆಮೊರಿ ತಪ್ಪು ಹೋಗುತ್ತದೆ, ಸರಿ. ಅಲ್ಲಿ ಈಗಾಗಲೇ ಕಡಿಮೆಯಾಗಿದ್ದ ತಪ್ಪು ಅದೇ. ಬದಲಿಗೆ ದಿನಾಂಕದ ಕಮಾಂಡ್‌ನಂಥ ಹೊಸ ತಪ್ಪುಗಳು ಬರುತ್ತವೆ. ಅದೇ ಶ್ರಮವನ್ನು ಈ ವರ್ಷ ಬರೆಯಬೇಕಾದ ಹೊಸ ಡ್ರೈವರ್‌ಗೆ ಹಾಕಿದರೆ ಲಾಭ ಎಷ್ಟೋ ಪಟ್ಟು ಜಾಸ್ತಿ.

ಇದಕ್ಕೆ ಒಂದು ವಿನಾಯಿತಿ ಕೊಡುತ್ತೇನೆ. ಹೊರಗಿನವರು ಕಳಿಸುವ, ನಂಬಲಾಗದ ಮಾಹಿತಿಯನ್ನು ನೇರ ಓದುವ ಕೋಡ್ ಇರುತ್ತದಲ್ಲ, ಅದು ಹಳೆಯದಾದರೂ ಸರಿ, ಹೊಸದಾಗಿ ಬರೆಯುವುದಕ್ಕೆ ಅರ್ಥವಿದೆ. ಚಿತ್ರ ಬಿಚ್ಚುವ ಕೋಡ್, ಬ್ಲೂಟೂತ್, ಫಾಂಟ್ ಓದುವ ಕೋಡ್. ಕಳ್ಳ ಮೊದಲು ತಟ್ಟುವ ಬಾಗಿಲು ಅವು. ಆಂಡ್ರಾಯ್ಡ್‌ನಲ್ಲಿ ಆ್ಯಪ್‌ಗಳು ಒಂದರ ಜೊತೆ ಒಂದು ಮಾತಾಡುವುದು ಬೈಂಡರ್ ಎಂಬ ಡ್ರೈವರ್ ಮೂಲಕ. ಎಲ್ಲ ಆ್ಯಪ್‌ಗಳೂ ಅದನ್ನು ಮುಟ್ಟಬಹುದು. ಅದನ್ನು ರಸ್ಟ್‌ನಲ್ಲಿ ಹೊಸದಾಗಿ ಬರೆದರು, 2025ರಲ್ಲಿ ಲಿನಕ್ಸ್‌ಗೂ ಸೇರಿತು. ಸರಿಯಾದ ಆಯ್ಕೆ ಅನ್ನುತ್ತೇನೆ.

ಲಿನಕ್ಸ್‌ಗೆ ರಸ್ಟ್ ಮೊದಲು ಬಂದಿದ್ದು 2022ರ ಡಿಸೆಂಬರ್‌ನಲ್ಲಿ, 6.1 ಆವೃತ್ತಿಯಲ್ಲಿ. ಮಿಗೆಲ್ ಓಹೆಡಾ ಮುಂದೆ ನಿಂತು ನಡೆಸಿದ ಕೆಲಸ. ಪ್ರಯೋಗ ಅಂತ ಹಣೆಪಟ್ಟಿ ಹಚ್ಚಿಯೇ ಒಳಗೆ ಬಿಟ್ಟರು. ಆಮೇಲೆ ಜಗಳಗಳಾದವು. 2024, 2025ರಲ್ಲಿ ಒಳ್ಳೆಯ ಕೆಲಸಗಾರರು ಬೇಸತ್ತು ಬಿಟ್ಟುಹೋದರು. ಹೊರಗಿನಿಂದ ನೋಡಿದವರಿಗೆ ಹಳಬರ ಹಠ ಅನಿಸಿತು. ನನಗೆ ಹಾಗನಿಸುವುದಿಲ್ಲ, ಅವರ ಮಾತಿನಲ್ಲಿ ಹುರುಳಿದೆ. ಲಿನಕ್ಸ್‌ನಲ್ಲಿ ಒಂದು ಕಟ್ಟುನಿಟ್ಟು ಇದೆ. ಕರ್ನಲ್ ಒಳಗಿನ ಒಂದು ಫಂಕ್ಷನ್ ಬದಲಾಯಿಸಿದರೆ, ಅದನ್ನು ಬಳಸುವ ಎಲ್ಲ ಕಡೆಯೂ ನೀವೇ ಸರಿಪಡಿಸಬೇಕು. ಮೂವತ್ತು ವರ್ಷ ಹಾಗೇ ನಡೆದು ಬಂದಿದೆ. ಈಗ ಬಳಸುವವರಲ್ಲಿ ಒಬ್ಬ ರಸ್ಟ್‌ನಲ್ಲಿದ್ದರೆ? ಸಿ ಮಾತ್ರ ಬಲ್ಲ ಮೇಂಟೇನರ್, ಅಂದರೆ ಆ ಭಾಗದ ಕೋಡ್ ನೋಡಿಕೊಳ್ಳುವ ಹೊಣೆ ಹೊತ್ತವರು, ಏನು ಮಾಡಬೇಕು? ರಾತ್ರಿ ಹನ್ನೊಂದಕ್ಕೆ ಅದು ಮುರಿದರೆ ಎದ್ದು ಕೂರುವವರು ಯಾರು? ಇದು ಭಾಷೆಯ ಪ್ರಶ್ನೆಯಲ್ಲ, ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದರೆ ಪಾತ್ರೆ ತೊಳೆಯುವವರು ಯಾರು ಅನ್ನುವ ಪ್ರಶ್ನೆ.

ಉತ್ತರ ನಿಧಾನಕ್ಕೆ ಬಂತು. ರಸ್ಟ್ ಭಾಗ ನೋಡಿಕೊಳ್ಳುವ ಜನ ಬೇರೆ ನಿಂತರು. ತನಗೆ ಬೇಡ ಅಂದ ಮೇಂಟೇನರ್‌ಗೆ ಕಲಿಯುವ ಬಲವಂತ ಇಲ್ಲ ಅಂತಾಯಿತು. 2025ರ ಡಿಸೆಂಬರ್‌ನಲ್ಲಿ ಟೋಕಿಯೋದಲ್ಲಿ ಸೇರಿದ ಲಿನಕ್ಸ್ ಮೇಂಟೇನರ್‌ಗಳು ಪ್ರಯೋಗ ಮುಗಿಯಿತು, ರಸ್ಟ್ ಇನ್ನು ಕರ್ನಲ್‌ನ ಭಾಗ ಅಂತ ತೀರ್ಮಾನಿಸಿದರು. ಮೂರು ವರ್ಷ ಹಿಡಿಯಿತು. ನನ್ನ ಪ್ರಕಾರ ಅದು ತಡವಲ್ಲ.

ಅದೇ ತಿಂಗಳು ಇನ್ನೊಂದು ಸುದ್ದಿ ಬಂತು. ಕರ್ನಲ್‌ನ ರಸ್ಟ್ ಕೋಡಿನಲ್ಲಿ ಮೊದಲ ಬಾರಿಗೆ ಅಧಿಕೃತ ಪಟ್ಟಿಗೆ ಸೇರಿಸಿ ನಂಬರ್ ಹಚ್ಚಿದ ಸೆಕ್ಯುರಿಟಿ ತಪ್ಪು, ಅದೂ ನಾನು ಈಗಷ್ಟೇ ಹೊಗಳಿದ ಬೈಂಡರ್‌ನಲ್ಲಿ. ರಸ್ಟ್ ಇಷ್ಟಪಡುವವರು ಇದನ್ನು ಮುಚ್ಚಿಡಬಾರದು. ಕರ್ನಲ್ ಕೆಲಸದಲ್ಲಿ ಯಂತ್ರವನ್ನು ನೇರ ಮುಟ್ಟಲೇಬೇಕಾದ, ಕಂಪೈಲರ್‌ಗೆ ಲೆಕ್ಕ ಸಿಗದ ಜಾಗಗಳಿವೆ. ಅಲ್ಲಿ ಪ್ರೋಗ್ರಾಮರ್ "ಅನ್‌ಸೇಫ್" ಅಂತ ಬರೆದು, "ಇದರ ಜವಾಬ್ದಾರಿ ನನ್ನದು" ಅಂತ ಸಹಿ ಹಾಕುತ್ತಾನೆ. ತಪ್ಪು ಸಿಕ್ಕಿದ್ದು ಅಂಥ ಜಾಗದಲ್ಲೇ. ಸಿ ಕೋಡಿನಲ್ಲಿ ತಪ್ಪು ಹುಡುಕುವಾಗ ಇಡೀ ಊರು ಹುಡುಕಬೇಕು. ಇಲ್ಲಿ ಸಹಿ ಹಾಕಿದ ಬಾಗಿಲುಗಳನ್ನು ಮೊದಲು ತಟ್ಟಿದರಾಯಿತು. ನನ್ನ ಒಂಬತ್ತು ದಿನ ನೆನಪಿಸಿಕೊಂಡರೆ ಈ ವ್ಯತ್ಯಾಸ ನನಗೆ ಸಣ್ಣದಲ್ಲ.

ರಸ್ಟ್ ಬಿದ್ದುಹೋಗುವುದೇ ಇಲ್ಲ ಅನ್ನುವುದೂ ತಪ್ಪು. 2025ರ ನವೆಂಬರ್ 18ರಂದು, ವೆಬ್‌ಸೈಟ್‌ಗಳಿಗೂ ನೋಡುವವರಿಗೂ ನಡುವೆ ನಿಂತು ಸೇವೆ ಕೊಡುವ ಕ್ಲೌಡ್‌ಫ್ಲೇರ್ ಬಿದ್ದು ಜಗತ್ತಿನ ಎಷ್ಟೋ ವೆಬ್‌ಸೈಟ್ ನಿಂತವಲ್ಲ, ಅಲ್ಲಿ ನಿಂತದ್ದು ರಸ್ಟ್ ಕೋಡ್. ಒಂದು ಫೈಲ್ ನಿರೀಕ್ಷೆಗಿಂತ ದೊಡ್ಡದಾಗಿ ಬಂತು, ಅದರೊಳಗಿನ ಅಂಶಗಳು 200ರ ಮಿತಿ ದಾಟಿದವು, ಕೋಡ್ ಮುಂದೆ ಹೋಗಲಾರದೆ ತಾನೇ ನಿಂತುಬಿಟ್ಟಿತು. ಕ್ರೌಡ್‌ಸ್ಟ್ರೈಕ್‌ನ 21ನೇ ಮನೆ ಕತೆಗೂ ಇದಕ್ಕೂ ನಂಟಿದೆ. ರಸ್ಟ್‌ನಲ್ಲಿ ಇಲ್ಲದ 21ನೆಯದನ್ನು ನೇರವಾಗಿ ಕೇಳಿದರೆ, ಬೇರೆಯವರ ಮನೆಗೆ ನುಗ್ಗುವುದಿಲ್ಲ, ಅಲ್ಲೇ ನಿಲ್ಲುತ್ತದೆ. ಕಳ್ಳನಿಗೆ ದಾರಿ ಇಲ್ಲ. ಆದರೆ ಕರ್ನಲ್ ಒಳಗೆ ನಿಂತರೆ ಕಂಪ್ಯೂಟರೇ ನಿಂತಂತೆ, ಏರ್‌ಪೋರ್ಟ್‌ನಲ್ಲಿ ಕ್ಯೂ ಅಷ್ಟೇ ಉದ್ದ. ಅದರ ಬದಲು "21ನೆಯದು ಇದೆಯಾ?" ಅಂತ ಕೇಳಬಹುದು. ಆಗ "ಇಲ್ಲ" ಅನ್ನುವ ಉತ್ತರಕ್ಕೆ ಏನು ಮಾಡಬೇಕು ಅಂತ ಬರೆಯದೆ ಕಂಪೈಲರ್ ಬಿಡುವುದಿಲ್ಲ. ಯಾವ ರೀತಿ ಕೇಳಬೇಕು ಅನ್ನುವುದು ಮಾತ್ರ ಬರೆಯುವವರ ಕೈಯಲ್ಲೇ ಇದೆ.

ಇನ್ನು ಎಐ ವಿಷಯ. ಸಿ ಕೋಡನ್ನು ತಾನಾಗಿ ರಸ್ಟ್‌ಗೆ ತಿರುಗಿಸುವ ಸಾಧನಗಳಿವೆ. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2024ರಲ್ಲಿ ಇದಕ್ಕೇ ಒಂದು ಯೋಜನೆ ಶುರು ಮಾಡಿದೆ. ತಿರುಗಿಸುವುದು ಸುಲಭದ ಭಾಗ. ಸಾಲಿಗೆ ಸಾಲು ತಿರುಗಿಸಿದರೆ ಸಿಗುವುದು ತುಂಬಾ "ಅನ್‌ಸೇಫ್" ಸಹಿಗಳಿರುವ ರಸ್ಟ್. ವೇಷ ಹೊಸದು, ಒಳಗಿರುವುದು ಹಳೆಯದೇ. ನಿಜವಾದ ರಸ್ಟ್ ಆಗಬೇಕಾದರೆ ಪ್ರತಿ ಜಾಗದ ಓನರ್ ಯಾರು, ಎಷ್ಟು ಹೊತ್ತು ಅಂತ ಗೊತ್ತಿರಬೇಕು. ಅದು ಸಿ ಕೋಡಿನಲ್ಲಿ ಎಷ್ಟೋ ಕಡೆ ಬರೆದೇ ಇಲ್ಲ. ಬರೆದವರ ತಲೆಯಲ್ಲಿತ್ತು. ನನ್ನ ಆ ಚೀಟಿಯ ಕೋಡನ್ನೇ ಕೊಟ್ಟಿದ್ದರೆ, ಕೇಬಲ್ ಕಿತ್ತಾಗ ಚೀಟಿ ಏನಾಗಬೇಕು ಅಂತ ಯಂತ್ರ ಯಾರನ್ನು ಕೇಳಬೇಕಿತ್ತು? ಆಗ ನನಗೇ ಅದು ಹೊಳೆದಿರಲಿಲ್ಲ. ಎಐ ಸಹಾಯ ಮಾಡುತ್ತದೆ, ದಿನಾ ಮಾಡುತ್ತಲೂ ಇದೆ. ಆದರೆ ಪರೀಕ್ಷೆ ಮಾಡಲು ಆ ಹಳೆಯ ಯಂತ್ರ ಮೇಜಿನ ಮೇಲೆ ಬೇಕು, ಅದರ ನಡತೆ ಬಲ್ಲವರೊಬ್ಬರು ಪಕ್ಕದಲ್ಲಿ ಬೇಕು.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದು ಮೆಟ್ಟಿಲಿಳಿಯುವಾಗ ಹುಡುಗ ಮತ್ತೆ ಕೇಳಿದ: "ಹಾಗಾದ್ರೆ ಮಾಮ, ನಿಮ್ಮ ಆ ಯುಎಸ್‌ಬಿ ಡ್ರೈವರ್ ಈಗ ಎಲ್ಲಿದೆ? ಅದನ್ನಾದ್ರೂ ರಸ್ಟ್‌ಗೆ ತರ್ತೀರಾ?"

ಇಲ್ಲ. ಆ ಒಂದು ಸಾಲು ಸೇರಿಸಿದಮೇಲೆ ಅದು ಇವತ್ತಿನವರೆಗೆ ಒಂದು ಸಲವೂ ಬಿದ್ದಿಲ್ಲ. ಸಿ ಭಾಷೆಯಲ್ಲೇ ಇದೆ, ಹಾಗೇ ಇರಲಿ. ಆದರೆ ಈ ವರ್ಷ ಶುರು ಮಾಡಿರುವ ಹೊಸ ಡ್ರೈವರನ್ನು ರಸ್ಟ್‌ನಲ್ಲಿ ಬರೆಯುತ್ತಿದ್ದೇನೆ. ಮೊದಲ ತಿಂಗಳು ಕಂಪೈಲರ್ ಜೊತೆ ಗುದ್ದಾಟವೇ ಆಯಿತು. ಹೋದ ವಾರ ಇದರಲ್ಲೂ ಅಂಥದ್ದೇ ಒಂದು ಚೀಟಿ ಬರೆಯಬೇಕಾಗಿ ಬಂತು. ಬರೀ ವಿಳಾಸ ಬರೆದಿಟ್ಟು ಹೋಗಲು ಅಲ್ಲಿ ದಾರಿಯೇ ಇಲ್ಲ. ಚೀಟಿಯ ಕೈಗೂ ಆ ಜಾಗದ ಒಂದು ಪಾಲು ಕೊಡಬೇಕು. ಚೀಟಿ ತನ್ನ ಕೆಲಸ ಮುಗಿಸಿ ಪಾಲು ಬಿಟ್ಟುಕೊಡುವವರೆಗೆ ಜಾಗ ಖಾಲಿಯಾಗುವುದಿಲ್ಲ. ಬರೆದೆ, ಬೋರ್ಡ್‌ಗೆ ಹಾಕಿದೆ, ಡ್ರೈವರ್ ಓಡುತ್ತಿರುವಾಗಲೇ ಕೇಬಲ್ ಕಿತ್ತೆ. ಮತ್ತೆ ಹಾಕಿ ಮತ್ತೆ ಕಿತ್ತೆ. ನೂರು ಸಲ ಮಾಡಿದೆ. ಕನ್ಸೋಲ್ ಸುಮ್ಮನಿತ್ತು.